ಚೆಂಡು ಸಿಕ್ಕಿದ ಮೇಲಿನ ಎಂಟು ಎಣಿಕೆ

ನಮ್ಮ ಮಂಗಳೂರಿನಲ್ಲಿ ಫುಟ್‌ಬಾಲ್ ಮಳೆಗಾಲದ ಆಟ. ಬೇಸಿಗೆಯಲ್ಲಿ ಮೈದಾನಗಳೆಲ್ಲ ಕ್ರಿಕೆಟಿನವರ ವಶ. ಜೂನ್ ತಿಂಗಳಲ್ಲಿ ಪಿಚ್ಚಿನ ಮೇಲೆ ನೀರು ನಿಂತಿತೆಂದರೆ ಬ್ಯಾಟುಗಳು ಅಟ್ಟ ಸೇರುತ್ತವೆ, ಫುಟ್‌ಬಾಲುಗಳಿಗೆ ಗಾಳಿ ತುಂಬಿಸುವ ಕೆಲಸ ಶುರುವಾಗುತ್ತದೆ. ನೆಹರೂ ಮೈದಾನದ ಕೆಸರಿನಲ್ಲಿ ಆಟ ನೋಡುತ್ತ ಕೊಡೆ ಹಿಡಿದು ನಿಂತವರಲ್ಲಿ ನನ್ನ ಪ್ರಾಯದವರೂ ಇರುತ್ತಾರೆ. ನದಿಯಾಚೆಯ ಬೆಂಗ್ರೆಯ ಹುಡುಗರು ದೋಣಿಯಲ್ಲಿ ಬಂದರಿಗೆ ಬಂದಿಳಿದು, ಬೂಟುಗಳನ್ನು ಹೆಗಲಿಗೆ ತೂಗುಹಾಕಿಕೊಂಡು ನಡೆದು ಬರುವುದನ್ನು ನೋಡುವುದೇ ಒಂದು ಖುಷಿ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಈಗ ಎಪ್ಪತ್ತು ದಾಟಿದೆ. ನಿವೃತ್ತಿಯಾದ ಮೇಲೆ ನಮ್ಮ ಓಣಿಯ ಮಕ್ಕಳಿಗೆ ಸಂಜೆ ಹೊತ್ತು ಫುಟ್‌ಬಾಲ್ ಹೇಳಿಕೊಡುತ್ತೇನೆ. ಮಕ್ಕಳು ನನ್ನನ್ನು ಬ್ಯಾಂಕಜ್ಜ ಎನ್ನುತ್ತಾರೆ. ಚೆಂಡನ್ನು ಒದೆಯಲು ಯಾರೂ ಕಲಿಸಬೇಕಾಗಿಲ್ಲ, ಅದು ಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತದೆ. ಕಲಿಸಲು ಕಷ್ಟವಾದದ್ದು ಬೇರೆಯೇ ಇದೆ. ಎದುರಾಳಿಯಿಂದ ಚೆಂಡು ಕಿತ್ತುಕೊಂಡ ಮೇಲಿನ ಎರಡು ಮೂರು ಸೆಕೆಂಡಿನಲ್ಲಿ ಏನು ಮಾಡಬೇಕು ಎಂಬುದು.

ಮಕ್ಕಳೇ, ಒಮ್ಮೆ ಯೋಚಿಸಿ ನೋಡಿ. ಎದುರಿನ ತಂಡ ಗೋಲು ಹೊಡೆಯಲು ನಿಮ್ಮತ್ತ ನುಗ್ಗಿ ಬರುತ್ತಿದೆ. ಹಾಗೆ ಬರುವಾಗ ಅವರ ಆಟಗಾರರು ಮುಂದಕ್ಕೂ ಅಗಲಕ್ಕೂ ಹರಡಿಕೊಂಡಿರುತ್ತಾರೆ. ಅವರ ಹಿಂದೆ ಅರ್ಧ ಮೈದಾನ ಖಾಲಿ. ಆಗ ಚೆಂಡು ನಿಮ್ಮ ಕಾಲಿಗೆ ಸಿಕ್ಕಿತು ಅಂದುಕೊಳ್ಳಿ. ಅವರು ಅತ್ಯಂತ ಅಸ್ತವ್ಯಸ್ತವಾಗಿರುವ ಕ್ಷಣ ಅದೇ. ಸ್ವಲ್ಪ ತಡಮಾಡಿದರೆ ಅವರು ತಿರುಗಿ ಓಡಿ ಬಾಗಿಲು ಮುಚ್ಚಿಬಿಡುತ್ತಾರೆ. ಬ್ಯಾಂಕಿನ ಲೆಕ್ಕದಲ್ಲಿ ಒಂದು ಕಡೆ ಖರ್ಚು ಬರೆದರೆ ಇನ್ನೊಂದು ಕಡೆ ಜಮಾ ಬರೆಯಲೇಬೇಕು, ನಾಳೆ ಬರೆಯುತ್ತೇನೆ ಎಂದರೆ ಆಗದು. ಚೆಂಡಿನ ಲೆಕ್ಕವೂ ಹಾಗೆಯೇ.

ಆದರೆ ಹೆಚ್ಚಿನ ಮಕ್ಕಳು ಆಗ ಮಾಡುವುದು ಎರಡೇ ಕೆಲಸ. ಚೆಂಡು ಸಿಕ್ಕಿದ ಸಂತೋಷದಲ್ಲಿ ಅದನ್ನೇ ನೋಡುತ್ತ ನಿಂತುಬಿಡುತ್ತಾರೆ. ಇಲ್ಲವೇ ಗಂಡಾಂತರ ತಪ್ಪಿತೆಂದು ಕಣ್ಣುಮುಚ್ಚಿ ದೂರಕ್ಕೆ ಒದೆಯುತ್ತಾರೆ. ಎರಡನೆಯದರಲ್ಲಿ ಚೆಂಡು ಮತ್ತೆ ಎದುರಾಳಿಗೇ ಸಿಗುತ್ತದೆ.

ಇದನ್ನು ವಿವರಿಸಲು ನಾನು ಮಕ್ಕಳಿಗೆ ಮೊಬೈಲಿನಲ್ಲಿ ತೋರಿಸುವುದು ಒಂದೇ ಗೋಲನ್ನು. 2018ರ ವಿಶ್ವಕಪ್, ರಷ್ಯಾದ ರೊಸ್ತೋವ್ ನಗರ, ಬೆಲ್ಜಿಯಂ ಮತ್ತು ಜಪಾನ್ ನಡುವಿನ ಪಂದ್ಯ. ಜಪಾನ್ ಎರಡು ಗೋಲು ಮುಂದಿತ್ತು, ಬೆಲ್ಜಿಯಂ ಎರಡನ್ನೂ ತೀರಿಸಿತು. ಹೆಚ್ಚುವರಿಯಾಗಿ ಕೊಟ್ಟ ಕೊನೆಯ ನಿಮಿಷದಲ್ಲಿ ಜಪಾನಿಗೆ ಕಾರ್ನರ್ ಕಿಕ್ ಸಿಕ್ಕಿತು. ಗೆದ್ದೇಬಿಡೋಣ ಎಂದು ಅವರು ಬಹಳ ಮಂದಿಯನ್ನು ಮುಂದಕ್ಕೆ ಕಳಿಸಿದರು. ಚೆಂಡು ನೇರ ಗೋಲ್‌ಕೀಪರ್ ಕೂರ್ಟ್ವಾ ಕೈಗೆ ಬಂತು. ಆತ ಚೆಂಡನ್ನು ತಬ್ಬಿಕೊಂಡು ಕೂರಲಿಲ್ಲ, ಕೂಡಲೇ ಡಿ ಬ್ರೂಯ್ನಗೆ ಉರುಳಿಸಿದ. ಡಿ ಬ್ರೂಯ್ನ ಖಾಲಿ ಮೈದಾನದ ನಡುವೆ ಓಡಿ ಬಲಗಡೆಗೆ ಮುನಿಯೇಗೆ ಕೊಟ್ಟ. ಮುನಿಯೇ ಗೋಲಿನೆದುರಿಗೆ ಅಡ್ಡ ಪಾಸ್ ಹಾಕಿದ. ಲುಕಾಕು ಚೆಂಡನ್ನು ಮುಟ್ಟುವವನಂತೆ ನಟಿಸಿ ಬಿಟ್ಟುಬಿಟ್ಟ. ಹಿಂದಿನಿಂದ ಓಡಿ ಬಂದಿದ್ದ ಶಾದ್ಲಿ ಗೋಲು ಹೊಡೆದ. ಕೀಪರನ ಕೈಯಿಂದ ಬಲೆಯವರೆಗೆ ಹತ್ತು ಸೆಕೆಂಡಿನ ಆಸುಪಾಸು, ಅಷ್ಟೆ. ಬೆಲ್ಜಿಯಂ 3–2ರಿಂದ ಗೆದ್ದಿತು.

ಇದನ್ನು ನೋಡಿದ ಮಕ್ಕಳು ಮೊದಲು ಹೇಳುವುದು, “ಎಂಥ ಸ್ಪೀಡು ಅಜ್ಜ!” ನಾನು ಇನ್ನೊಮ್ಮೆ ತೋರಿಸುತ್ತೇನೆ. ಸ್ಪೀಡು ಕಾಲಿನಲ್ಲಿ ಮಾತ್ರವೋ, ತಲೆಯಲ್ಲಿಯೋ? ಚೆಂಡು ತನಗೆ ಸಿಗುತ್ತದೆಂದು ತಿಳಿದ ಕೂಡಲೇ ಕೀಪರನ ಕಣ್ಣು ಮುಂದಕ್ಕೆ ಹೋಗಿತ್ತು. ಶಾದ್ಲಿ ಯಾರೂ ಕರೆಯದೆ ಓಟ ಶುರುಮಾಡಿದ್ದ. ಲುಕಾಕು ಚೆಂಡೇ ಇಲ್ಲದೆ ಓಡಿ ಎದುರಾಳಿಯನ್ನು ತನ್ನ ಹಿಂದೆ ಎಳೆದುಕೊಂಡಿದ್ದ.

ಇದರಿಂದ ನಾವು ಕಲಿತುಕೊಂಡ ಅಭ್ಯಾಸಗಳು ಮೂರು. ಮೊದಲನೆಯದು, ಚೆಂಡು ಬರುವ ಮುಂಚೆಯೇ ಹೆಗಲ ಮೇಲಿನಿಂದ ಒಮ್ಮೆ ಸುತ್ತ ನೋಡುವುದು. ಎರಡನೆಯದು, ಚೆಂಡು ಸಿಕ್ಕಿದ ಮೇಲೆ ಮೊದಲ ಪಾಸನ್ನು ಗುಂಪಿನಿಂದ ಹೊರಗೆ, ಸಾಧ್ಯವಾದರೆ ಮುಂದಕ್ಕೆ ಕೊಡುವುದು. ಮೂರನೆಯದು, ಚೆಂಡು ಇಲ್ಲದವರು ಓಡುವುದು. ಒಬ್ಬ ನೇರಕ್ಕೆ, ಇಬ್ಬರು ಎರಡು ಬದಿಗೆ. ಎಲ್ಲರೂ ಓಡಬಾರದು, ಇಬ್ಬರಾದರೂ ಹಿಂದೆ ಉಳಿಯಬೇಕು. ಇಲ್ಲದಿದ್ದರೆ ಜಪಾನಿಗೆ ಆದದ್ದೇ ನಮಗೂ ಆಗುತ್ತದೆ. ಮುಂದೆ ದಾರಿ ಇಲ್ಲವೆಂದು ಕಂಡರೆ ಸುಮ್ಮನೆ ನುಗ್ಗದೆ ಚೆಂಡನ್ನು ನಮ್ಮಲ್ಲೇ ಇಟ್ಟುಕೊಳ್ಳುವುದೂ ಬುದ್ಧಿವಂತಿಕೆಯೇ. ನಮ್ಮೂರಿನಲ್ಲಿ ಇನ್ನೊಂದು ಪಾಠವೂ ಉಂಟು. ನೀರು ನಿಂತಲ್ಲಿ ನೆಲದ ಪಾಸು ದಾರಿಯಲ್ಲೇ ನಿಂತುಬಿಡುತ್ತದೆ, ಅಲ್ಲಿ ಚೆಂಡನ್ನು ಸ್ವಲ್ಪ ಎತ್ತಿ ಕೊಡಬೇಕು.

ಇದನ್ನೆಲ್ಲ ಭಾಷಣದಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೆ ಒಂದು ಆಟ ಮಾಡಿಕೊಂಡಿದ್ದೇವೆ. ಹದಿನೈದು ಹೆಜ್ಜೆಯ ಒಂದು ಚೌಕ. ಒಳಗೆ ಐದು ಮಂದಿ ಚೆಂಡನ್ನು ತಮ್ಮೊಳಗೆ ಪಾಸ್ ಮಾಡುತ್ತಾರೆ, ಮೂವರು ಕಿತ್ತುಕೊಳ್ಳಲು ನೋಡುತ್ತಾರೆ. ದೂರದಲ್ಲಿ ಎರಡು ಕಡೆ ಎರಡೆರಡು ಚಪ್ಪಲಿ ಇಟ್ಟು ಎರಡು ಗೋಲು. ಮೂವರಿಗೆ ಚೆಂಡು ಸಿಕ್ಕಿದ ಕೂಡಲೇ ಹೊರಗೆ ನಿಂತವರೆಲ್ಲ ಗಟ್ಟಿಯಾಗಿ ಒಂದು, ಎರಡು ಎಂದು ಎಣಿಸುತ್ತಾರೆ. ಎಂಟರ ಒಳಗೆ ಯಾವುದಾದರೊಂದು ಗೋಲಿಗೆ ಹೊಡೆಯಬೇಕು. ಚೆಂಡು ಕಳೆದುಕೊಂಡ ಐವರು ಆ ಕ್ಷಣದಿಂದಲೇ ತಡೆಯಲು ಓಡಬೇಕು. ಕಳೆದುಕೊಂಡೆನಲ್ಲ ಎಂದು ಸೊಂಟಕ್ಕೆ ಕೈಯಿಟ್ಟು ನಿಲ್ಲುವ ಹಾಗಿಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗನ ಅಜ್ಜಿ ಕೊಡೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. “ನಾಳೆಯಿಂದ ಇವ ಬರುವುದಿಲ್ಲವಂತೆ ನೋಡಿ. ಓಡಲಿಕ್ಕೆ ಆಗದವರನ್ನು ಬ್ಯಾಕಿಗೆ ನಿಲ್ಲಿಸುವುದಂತೆ. ಹೌದಾ?” ಎಂದು ಕೇಳಿದರು. ಹುಡುಗ ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಸ್ವಲ್ಪ ದಪ್ಪ ಮೈ, ಕನ್ನಡಕ ಬೇರೆ. ಜೊತೆಯ ಮಕ್ಕಳು ಹಾಗೆಂದು ತಮಾಷೆ ಮಾಡಿದ್ದರಂತೆ.

“ನಿನಗೆ ಓಟ ಕಡಿಮೆ ಎಂಬುದು ನಿಜ ಮಾರಾಯ. ಆದರೆ ನಮ್ಮ ಗೋಲು ಶುರುವಾಗುವುದು ನಿನ್ನ ಕಾಲಿನಿಂದ. ಒಂದು ತಿಂಗಳು ನಾನು ಹೇಳಿದಂತೆ ಮಾಡು, ಆಮೇಲೆ ಬಿಡು” ಎಂದೆ. ಮರುದಿನದಿಂದ ಅವನಿಗೆ ಒಂದು ಪರೀಕ್ಷೆ. ಆಟದ ನಡುವೆ ನಾನು “ಈಗ!” ಎಂದು ಕೂಗಿದಾಗ, ತಲೆ ತಿರುಗಿಸದೆ ನಮ್ಮ ಫಾರ್ವರ್ಡ್ ಎಲ್ಲಿದ್ದಾನೆಂದು ಬೆರಳು ತೋರಿಸಬೇಕು. ಮೊದಲ ವಾರ ಬೆರಳು ತೆಂಗಿನಮರವನ್ನೇ ತೋರಿಸುತ್ತಿತ್ತು. ಮೂರನೆಯ ವಾರಕ್ಕೆ ತಪ್ಪುವುದು ಅಪರೂಪವಾಯಿತು.

ಜುಲೈಯಲ್ಲಿ ಪಕ್ಕದ ಓಣಿಯ ಮಕ್ಕಳ ಮೇಲೆ ಪಂದ್ಯ. ನಾವು 2–1ರಿಂದ ಸೋತೆವು. ನಮ್ಮ ಒಂದು ಗೋಲು ಹೇಗೆ ಬಂತೆಂದರೆ, ಈ ಹುಡುಗ ನಮ್ಮ ಗೋಲಿನ ಮುಂದೆ ಕಾಲು ಚಾಚಿ ಚೆಂಡು ಕಿತ್ತ, ನೀರಿನ ಹೊಂಡದ ಮೇಲಿಂದ ಎತ್ತಿ ಎಡಬದಿಯವನಿಗೆ ಕೊಟ್ಟ, ಅಲ್ಲಿಂದ ಮಧ್ಯಕ್ಕೆ, ಮಧ್ಯದಿಂದ ಗೋಲಿಗೆ. ನಾವು ಹೊರಗಿನಿಂದ ಎಣಿಸುತ್ತಿದ್ದೆವು, ಏಳು ಆಗಿತ್ತು. ಅಜ್ಜಿ ನನ್ನನ್ನು ಕೇಳಿದರು, “ಹೊಡೆದದ್ದು ಬೇರೆ ಹುಡುಗ ಅಲ್ಲವಾ? ಇವ ಯಾಕೆ ಹೀಗೆ ಕುಣಿಯುವುದು?”

ಅವರಿಗೆ ಅಂದು ನಾನು ಜರ್ನೈಲ್ ಸಿಂಗ್ ಕತೆ ಹೇಳಿದೆ. 1962, ಜಕಾರ್ತದ ಏಷ್ಯನ್ ಗೇಮ್ಸ್. ನಾನಾಗ ಹತ್ತು ವರ್ಷದ ಹುಡುಗ. ಜರ್ನೈಲ್ ಭಾರತದ ಗಟ್ಟಿ ಡಿಫೆಂಡರ್. ಪಂದ್ಯವೊಂದರಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ತರಬೇತುದಾರ ಸೈಯದ್ ಅಬ್ದುಲ್ ರಹೀಂ ಮೊದಲು ಹೈದರಾಬಾದಿನಲ್ಲಿ ಶಾಲಾ ಮಾಸ್ತರರಾಗಿದ್ದವರು. ಅವರು ಜರ್ನೈಲನನ್ನು ಕೂರಿಸುವ ಬದಲು ಫಾರ್ವರ್ಡ್ ಜಾಗದಲ್ಲಿ ಆಡಿಸಿದರು. ಸೆಮಿಫೈನಲಿನಲ್ಲೂ ಫೈನಲಿನಲ್ಲೂ ಆತ ಗೋಲು ಹೊಡೆದ. ಫೈನಲಿನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದಿತು. ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿಯವರದು. ತಡೆಯುವವನೇ ಬೇರೆ, ಹೊಡೆಯುವವನೇ ಬೇರೆ ಎಂಬ ಜಾತಿಭೇದ ಫುಟ್‌ಬಾಲಿನಲ್ಲಿಲ್ಲ.

ಅಜ್ಜ ಅಜ್ಜಿಯಂದಿರಲ್ಲಿ ಒಂದು ಮಾತು. ಪುಳ್ಳಿ ಕೆಸರು ಮೆತ್ತಿಕೊಂಡು ಮನೆಗೆ ಬಂದಾಗ “ಎಷ್ಟು ಗೋಲು ಹೊಡೆದೆ?” ಎಂದು ಮಾತ್ರ ಕೇಳಬೇಡಿ. “ಯಾರಿಂದ ಚೆಂಡು ಕಿತ್ತೆ? ಕಿತ್ತು ಯಾರಿಗೆ ಕೊಟ್ಟೆ?” ಎಂದು ಕೇಳಿ ನೋಡಿ. ಉತ್ತರ ಬಹಳ ಉದ್ದ ಇರುತ್ತದೆ. ತಲೆ ಒರೆಸಲು ಒಂದು ಬೈರಾಸು ಹಿಡಿದುಕೊಂಡೇ ಕೇಳಿ.