ಮರುಮಾತಿಗೊಂದು ಎಡೆ

ನಮ್ಮ ಕಾಸರಗೋಡು ಸೀಮೆಯಲ್ಲಿ ಹಾಸ್ಯ ಚಟಾಕಿಗೆ ಎಂದೂ ಬರವಿದ್ದಿಲ್ಲ. ಅಡಿಕೆ ಸುಲಿಯುವ ಜಗಲಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಒಂದೇ ವಾಕ್ಯದಿಂದ ನಗೆಯೆಬ್ಬಿಸುವವರು ಇದ್ದೇ ಇರುತ್ತಿದ್ದರು. ಈ ಕಲೆಗೆ ನಮ್ಮಲ್ಲೊಂದು ಗರಡಿಯೂ ಇದೆ, ಅದೇ ತಾಳಮದ್ದಳೆ.

ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಸ್ಥಳದಲ್ಲಿಯೇ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿದವರು, ದೀರ್ಘ ವಾದದ ನಡುವೆ ಬೀಳುವ ಕಿರುವಾಕ್ಯದ ತೂಕವನ್ನು ಬಲ್ಲರು. ಆದರೆ ಆ ಕಲೆಗೊಂದು ಮರ್ಯಾದೆಯುಂಟು: ಎದುರಿನವನ ಉತ್ತರಕ್ಕೆ ಎಡೆಯಿಡಬೇಕು. ರಾಮನನ್ನು ಮೂಕನಾಗಿಸಿದರೆ ವಾಲಿಗೂ ಶೋಭೆಯಿಲ್ಲ, ಪ್ರಸಂಗವೂ ಮುಂದೆ ಸಾಗದು.

ನಮ್ಮೂರಿನ ಹಿರಿಯ ಅರ್ಥಧಾರಿಯೊಬ್ಬರನ್ನು, "ಇಷ್ಟು ವರ್ಷ ಅರ್ಥ ಹೇಳಿ ಏನು ಗಳಿಸಿದಿರಿ?" ಎಂದು ಯಾರೋ ಕೇಳಿದರು. "ಅರ್ಥ ಕೊಟ್ಟೆ, ಅರ್ಥ ಸಿಗಲಿಲ್ಲ" ಎಂದರು ಅವರು. ಪಕ್ಕದಲ್ಲಿದ್ದ ಭಾಗವತರು ಬಿಟ್ಟಾರೆಯೇ? "ನನ್ನದೂ ಅದೇ ಕಥೆ. ಪದ ಹೇಳಿದೆ, ಪದವಿ ಸಿಗಲಿಲ್ಲ!" ಇಬ್ಬರ ಬಡತನವೂ ಆ ನಗೆಯಲ್ಲಿತ್ತು. ಒಬ್ಬರ ಭಾರವನ್ನು ಇನ್ನೊಬ್ಬರ ಮರುಮಾತು ಹಗುರಗೊಳಿಸಿತ್ತು.

1942ರಲ್ಲಿ ರಾ.ಶಿ. ಅವರು ಆರಂಭಿಸಿದ 'ಕೊರವಂಜಿ' ಪತ್ರಿಕೆಯು ಇಂತಹ ನಂಜಿಲ್ಲದ ನಗೆಯನ್ನು ಅಚ್ಚಿಗೂ ತಂದಿತು. ಇಂದು ದೂರದರ್ಶನದ ಚರ್ಚೆಗಳಲ್ಲಿ ಕೇಳುವ ಚುರುಕುಮಾತಿನ ಗುರಿ ಬಹುಮಟ್ಟಿಗೆ ಎದುರಿನವನ ಬಾಯಿ ಮುಚ್ಚಿಸುವುದೇ ಆಗಿದೆ. ವಾಟ್ಸಾಪಿನಲ್ಲಿ ದಿನವೂ ಬರುವ ಚಟಾಕಿಗಳನ್ನು ಯಾರು, ಯಾರಿಗೆ, ಯಾವಾಗ ಹೇಳಿದರೆಂಬುದು ತಿಳಿಯದು. ಓದಿದವನು ನಗುಮುಖದ ಚಿತ್ರವೊಂದನ್ನು ಒತ್ತಿ ಮುಂದೆ ಸಾಗುತ್ತಾನೆ. ಮಾತು ಅಲ್ಲಿಗೇ ನಿಂತಿತು.

ಗಡಿನಾಡಿನವರಾದ ನಮಗೆ ಇದು ಕೇವಲ ವಿನೋದದ ವಿಷಯವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಮನವಿ, ಠರಾವು, ಹೋರಾಟಗಳಿಂದ ಕನ್ನಡವನ್ನು ಕಾಯುತ್ತ ಬಂದಿದ್ದೇವೆ. ಅವೆಲ್ಲ ಬೇಕು. ಆದರೆ ಶ್ಲೇಷೆಯನ್ನು ಹಿಡಿಯುವ ಕಿವಿ ಠರಾವಿನಿಂದ ಹುಟ್ಟದು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನನ್ನ ಮೊಮ್ಮಗಳಿಗೆ ಆ ಅರ್ಥಧಾರಿ-ಭಾಗವತರ ಸಂವಾದವನ್ನು ಹೇಳಿದಾಗ ಅವಳು ನಗಲಿಲ್ಲ. ಅರ್ಥವೆಂದರೆ ಹಣವೂ ಹೌದು, ಪದವೆಂದರೆ ಹಾಡೂ ಹೌದು ಎಂದು ಬಿಡಿಸಿ ಹೇಳಬೇಕಾಯಿತು. ಬಿಡಿಸಿ ಹೇಳಿದ ಮೇಲೆ ನಗೆ ಎಲ್ಲಿಯದು? ನಮ್ಮ ಚಟಾಕಿಗೆ ಮರುಮಾತು ಹೇಳುವವರು ಮನೆಯಲ್ಲಿಯೇ ಇಲ್ಲದಾದರೆ ಭಾಷೆ ಕಡತದಲ್ಲಿ ಉಳಿದೀತು, ಬಾಯಲ್ಲಿ ಉಳಿಯದು.

ಆದುದರಿಂದ ಮಕ್ಕಳೊಡನೆ ಕನ್ನಡದಲ್ಲಿ ಪಾಠವನ್ನಷ್ಟೇ ಅಲ್ಲ, ಪರಿಹಾಸ್ಯವನ್ನೂ ಆಡೋಣ. ಆಡಿ, ಅವರ ಉತ್ತರಕ್ಕೆ ಕಾಯೋಣ. ಕೆಲವು ದಿನಗಳ ಬಳಿಕ ಅದೇ ಮೊಮ್ಮಗಳಿಗೆ ಲೆಕ್ಕವೊಂದನ್ನು ವಿವರಿಸಿ, "ಅರ್ಥ ಆಯಿತಾ ಮಗಾ?" ಎಂದೆ.

"ಅರ್ಧ ಆಯಿತು ಅಜ್ಜ" ಎಂದಳು, ತುಟಿಯಂಚಿನಲ್ಲಿ ನಗುತ್ತ.

ಉಳಿದರ್ಧವನ್ನು ಹೇಳಿಕೊಡಲು ಸಂತೋಷದಿಂದ ಕುಳಿತೆ.