ಎಜುಕೇಶನ್ ಆದ ಮೇಲೆ ಇನ್ನೊಂದು

‘ಇಂಗ್ಲಿಷಿನ ಐದೂ ಸ್ವರಗಳಿರುವ ಒಂದು ಪದ ಹೇಳು.’ ಶಾಲೆಯ ರಸಪ್ರಶ್ನೆಯಲ್ಲಾಗಲಿ, ರಜೆಗೆ ಬಂದ ಚಿಕ್ಕಪ್ಪನ ಪರೀಕ್ಷೆಯಲ್ಲಾಗಲಿ, ಈ ಪ್ರಶ್ನೆ ಬಾಯಿಂದ ಪೂರ್ತಿ ಹೊರಡುವ ಮೊದಲೇ ಉತ್ತರ ಬಂದಿರುತ್ತದೆ: ಎಜುಕೇಶನ್. ಶಭಾಷ್, ಮುಂದಿನ ಪ್ರಶ್ನೆ.

ಕಿರಿಕಿರಿ ಆಗುವುದು ಆ ‘ಮುಂದಿನ ಪ್ರಶ್ನೆ’ ಕೇಳಿದಾಗ. ಹುಡುಕಾಟದ ಬಾಗಿಲು ಈಗಷ್ಟೇ ತೆರೆದಿತ್ತು, ಅಷ್ಟರಲ್ಲೇ ಚಿಲಕ ಬಿತ್ತು.

ಎಜುಕೇಶನ್ ಪದವನ್ನೇ ಇನ್ನೊಂದು ಗಳಿಗೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದು. ಅದರ ಒಂಬತ್ತು ಅಕ್ಷರಗಳನ್ನು ಕಲಸಿ ಮತ್ತೆ ಜೋಡಿಸಿದರೆ ‘ಹರಾಜು ಹಾಕಿದರು’ ಎಂಬ ಅರ್ಥದ ಆಕ್ಷನ್ಡ್ ಸಿಗುತ್ತದೆ. ಇನ್ನೊಮ್ಮೆ ಕಲಸಿದರೆ ‘ಎಚ್ಚರಿಸಿದರು’ ಎಂಬ ಅರ್ಥದ ಕಾಷನ್ಡ್. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಫೆಸೀಷಿಯಸ್ ಎಂಬ ಪದದಲ್ಲಿ ಎ, ಇ, ಐ, ಒ, ಯು ಶಾಲೆಯ ಸಾಲಿನಂತೆ ಕ್ರಮವಾಗಿಯೇ ನಿಂತಿವೆ. ಅದೇ ಸಾಲು ಹಿಂದುಮುಂದಾಗಿ ಬರುವ ಪದವೂ ಉಂಟು: ನಮ್ಮ ಉಪಖಂಡಕ್ಕೆ ಸಂಬಂಧಿಸಿದ್ದನ್ನು ಹೇಳುವ ಸಬ್‌ಕಾಂಟಿನೆಂಟಲ್. ದೇಶದ ಹೆಸರೇ ಬೇಕೆಂದರೆ ಮೊಜಾಂಬಿಕ್ ಇದೆ.

ಇವುಗಳಲ್ಲೆಲ್ಲ ಜಿಪುಣ ಪದವೆಂದರೆ ಸೆಕ್ವೋಯಾ. ಇಂಗ್ಲಿಷಿನಲ್ಲಿ ಬರೆದರೆ ಏಳೇ ಅಕ್ಷರ, ಅದರಲ್ಲಿ ಐದು ಸ್ವರ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳೆಯುವ ರೆಡ್‌ವುಡ್ ಮರದ ಶಾಸ್ತ್ರೀಯ ಹೆಸರು ಅದು. ಆ ಜಾತಿಯ ಒಂದು ಮರ 115 ಮೀಟರಿಗೂ ಎತ್ತರವಿದೆ. ಈಗ ಬದುಕಿರುವ ಮರಗಳಲ್ಲಿ ಅಷ್ಟೆತ್ತರದ್ದು ಬೇರೊಂದಿಲ್ಲ. 1847ರಲ್ಲಿ ಈ ಹೆಸರಿಟ್ಟವನು ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಎಂಡ್ಲಿಷರ್. ಅವನು ಭಾಷೆಗಳನ್ನೂ ಅಭ್ಯಾಸ ಮಾಡಿದವನು. ಸೆಕ್ವೋಯಾ ಎಂಬ ಒಬ್ಬ ಮನುಷ್ಯನ ನೆನಪಿಗಾಗಿಯೇ ಅವನು ಹಾಗೆ ಕರೆದನೆಂಬುದು ಬಹುಕಾಲದಿಂದ ನಡೆದುಬಂದ ನಂಬಿಕೆ.

ಆ ಮನುಷ್ಯನ ಕಥೆ ಮರಕ್ಕಿಂತ ಎತ್ತರದ್ದು. ಸೆಕ್ವೋಯಾ ಚೆರೊಕೀ ಜನಾಂಗದವನು, ವೃತ್ತಿಯಿಂದ ಬೆಳ್ಳಿ ಕೆಲಸದ ಅಕ್ಕಸಾಲಿ. ಇಂಗ್ಲಿಷ್ ಓದಲು ಬಾರದು. ಬಿಳಿಯರು ಕಾಗದ ನೋಡಿ ದೂರದವರ ಮಾತು ತಿಳಿಯುವುದನ್ನು ಕಂಡು, ತನ್ನ ಜನರಿಗೂ ಬರಹ ಬೇಕೆಂದು ಹೊರಟ. ಮೊದಲು ಒಂದೊಂದು ಪದಕ್ಕೂ ಒಂದೊಂದು ಗುರುತು ಮಾಡಿದ. ಪದಗಳು ಮುಗಿಯಲಿಲ್ಲ, ಗುರುತುಗಳು ನೆನಪಿನಲ್ಲಿ ನಿಲ್ಲಲಿಲ್ಲ. ಇದು ಮಾಟವೆಂದು ಹೆದರಿ ಹೆಂಡತಿಯೇ ಅವನ ಬರಹವನ್ನೆಲ್ಲ ಸುಟ್ಟಳೆಂಬ ಕಥೆಯೂ ಇದೆ. ಕೊನೆಗೆ ಅವನು ಬೇರೆ ದಾರಿ ಹಿಡಿದ. ಮಾತನ್ನು ನಿಧಾನವಾಗಿ ಆಡಿ, ನಾಲಿಗೆ ಅದನ್ನು ಎಲ್ಲೆಲ್ಲಿ ತುಂಡರಿಸುತ್ತದೆ ಎಂದು ಕಿವಿಗೊಟ್ಟು ಕೇಳಿದ. ಆ ತುಂಡುಗಳಿಗೆ ಒಂದೊಂದು ಅಕ್ಷರ ಕೊಟ್ಟ. 1821ರ ಹೊತ್ತಿಗೆ ಲಿಪಿ ಸಿದ್ಧವಾಯಿತು. ಮೊದಲು 86 ಅಕ್ಷರವಿದ್ದು, ಬಳಕೆಯಲ್ಲಿ 85 ಉಳಿದವು.

ಅದನ್ನು ಮೊದಲು ಕಲಿತವಳು ಅವನ ಪುಟ್ಟ ಮಗಳು. ಅಪ್ಪ ಬರೆದದ್ದನ್ನು ದೂರ ಕುಳಿತ ಮಗಳು ಓದಿ ಹೇಳಿದಾಗ ಹಿರಿಯರು ನಂಬಿದರು. 1828ರಲ್ಲಿ ಜಾರ್ಜಿಯಾದ ನ್ಯೂ ಎಕೋಟಾದಿಂದ ಚೆರೊಕೀ ಮತ್ತು ಇಂಗ್ಲಿಷ್ ಎರಡರಲ್ಲೂ ‘ಚೆರೊಕೀ ಫೀನಿಕ್ಸ್’ ಪತ್ರಿಕೆ ಹೊರಟಿತು. ಹತ್ತು ವರ್ಷಕ್ಕೆ ಸರ್ಕಾರ ಆ ಜನರನ್ನು ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ನಡೆಸಿತು. ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಲಿಪಿ ಮಾತ್ರ ಅವರ ಜೊತೆ ನಡೆದು ಇಂದಿಗೂ ಉಳಿದಿದೆ.

ಅವನ ಕೆಲವು ಅಕ್ಷರಗಳಿಗೆ ಇಂಗ್ಲಿಷಿನ ರೂಪವಿದೆ, ಧ್ವನಿ ಮಾತ್ರ ಬೇರೆ. ಡಿ ಆಕಾರದ್ದನ್ನು ‘ಅ’ ಎಂದು ಓದಬೇಕು, ಡಬ್ಲ್ಯೂ ಆಕಾರದ್ದನ್ನು ‘ಲ’ ಎಂದು. ಇಲ್ಲಿ ಕನ್ನಡಿಗನ ಕಿವಿ ನೆಟ್ಟಗಾಗುತ್ತದೆ. ಎಲ್ ಮತ್ತು ಎ ಎಂದು ಬಿಡಿಸಿಟ್ಟ ಎರಡಲ್ಲ, ‘ಲ’ ಎಂಬ ಒಂದೇ ಅಕ್ಷರ! ಸ್ವರ ವ್ಯಂಜನದ ಹೊಟ್ಟೆಯೊಳಗೇ ಕುಳಿತಿದೆ. ನಮ್ಮಲ್ಲಿ ಕ, ಕಾ, ಕಿ, ಕೀ ಎಂದು ಕಾಗುಣಿತದ ನೆಂಟಸ್ತಿಕೆ ಇದೆ. ಚೆರೊಕೀ ಮಗುವಿಗೆ ಆ ಸೌಕರ್ಯವಿಲ್ಲ, 85ನ್ನೂ ಬೇರೆ ಬೇರೆಯಾಗಿಯೇ ಕಲಿಯಬೇಕು.

ಚಿಕ್ಕಪ್ಪನ ಪ್ರಶ್ನೆ ಕನ್ನಡದಲ್ಲಿ ಹುಟ್ಟದಿರುವುದಕ್ಕೂ ಕಾರಣ ಇದೇ. ‘ಎಜುಕೇಶನ್’ ಎಂದು ಕನ್ನಡದಲ್ಲಿ ಬರೆದ ಕೂಡಲೇ ಇಂಗ್ಲಿಷಿನ ಐ ಮತ್ತು ಒ ಮಾಯ. ನಮ್ಮ ಪದಬಂಧದ ಮನೆಯೊಂದರಲ್ಲಿ ಒಂದು ಇಡೀ ಅಕ್ಷರ, ಒತ್ತು ದೀರ್ಘಗಳ ಸಮೇತ, ಸಂಸಾರ ಹೂಡುತ್ತದೆ. ಹಾಗಾಗಿ ನಮ್ಮ ಕಲಸಾಟದಲ್ಲಿ ನದಿ ತಿರುಗಿ ದಿನವಾಗುತ್ತದೆ, ವನ ತಿರುಗಿ ನವವಾಗುತ್ತದೆ. ಇಂಗ್ಲಿಷಿನ ಆಟ ಇಂಗ್ಲಿಷಿನ ಕಾಗುಣಿತಕ್ಕೆ ಸೇರಿದ್ದು. ಅದನ್ನು ಆಡುತ್ತ ಹೋದವರು ತಮ್ಮ ಅಕ್ಷರದ ಸ್ವಭಾವವನ್ನೂ ಗುರುತಿಸುತ್ತಾರೆ. ಆದರೆ ಎರಡನೆಯ ಪದ ಹುಡುಕಿದವರಿಗೆ ಮಾತ್ರ ಈ ದಾರಿ ಸಿಗುತ್ತದೆ.

ಆದ್ದರಿಂದ ಒಂದು ಕೋರಿಕೆ. ಮನೆಯ ಮಗು ‘ಎಜುಕೇಶನ್’ ಎಂದಾಗ ಶಭಾಷ್ ಹೇಳಿ, ಆಮೇಲೆ ‘ಇನ್ನೊಂದು ಹೇಳು ನೋಡೋಣ’ ಎನ್ನಿ. ಮಗು ತಡವರಿಸಿದರೆ ತರಕಾರಿ ಬುಟ್ಟಿಯ ಕಡೆ ಕೈ ತೋರಿಸಿ. ಹೂಕೋಸಿನ ಇಂಗ್ಲಿಷ್ ಹೆಸರಿನಲ್ಲಿ ಐದೂ ಸ್ವರಗಳಿವೆ.