ಕತ್ತಲೆಯ ಕಥೆಗಳೂ ಕಲ್ಲುಬೆಟ್ಟಗಳೂ

ಕಾದಂಬರಿಪ್ರಿಯರಲ್ಲಿ ಒಂದು ವಿಶೇಷ ಪಂಗಡವುಂಟು. ಅತ್ತೆ-ಸೊಸೆಯರ ಜಗಳವಾಗಲಿ, ಪ್ರೇಮಿಗಳ ವಿರಹವಾಗಲಿ ಇವರ ಹಸಿವನ್ನು ಹಿಂಗಿಸದು. ಮಾತನಾಡುವ ಪಕ್ಷಿ, ಹೆಣದೊಳಗೆ ಹೊಕ್ಕು ಒಗಟು ಕೇಳುವ ಬೇತಾಳ, ಒಳಹೊಕ್ಕವರು ಹೊರಬಾರದ ಕೋಟೆ ಇವರಿಗೆ ಬೇಕು. ಎದೆ ನಡುಗಬೇಕು, ನಡುಕದ ನಡುವೆಯೇ ನಗುವೂ ಉಕ್ಕಬೇಕು. ಇಂಥ ಪುಸ್ತಕವನ್ನು ಮಕ್ಕಳ ಕೈಯಲ್ಲಿ ಕಂಡರೆ ಹಿರಿಯರು ಹುಬ್ಬು ಗಂಟಿಕ್ಕುವುದು ವಾಡಿಕೆ. ‘ರಾತ್ರಿ ಹೆದರಿಕೊಂಡೀತು’ ಎಂಬುದು ತಾಯಿಯ ಆತಂಕ. ‘ಇದರಿಂದ ಬರುವ ಲಾಭವೇನು?’ ಎಂಬುದು ತಂದೆಯ ಪ್ರಶ್ನೆ. ಎರಡೂ ತಳ್ಳಿಹಾಕುವ ಮಾತುಗಳಲ್ಲ. ಅವಕ್ಕೆ ಉತ್ತರ ಹುಡುಕಬಯಸುವವರು ಎರಡು ದಿನ ಬಿಡುವು ಮಾಡಿಕೊಂಡು ಬೆಂಗಳೂರಿನ ನೆರೆಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯನ್ನು ಸುತ್ತಿ ಬರಬೇಕು.

ಹೊರಡುವ ಮುನ್ನ ಒಂದು ಮಾತು ನೆನಪಿರಲಿ. ನಾವು ‘ಕಾದಂಬರಿ’ ಎಂದು ಕರೆಯುವ ಹೆಸರೇ ಅದ್ಭುತಕಥೆಯೊಂದರಿಂದ ಬಂದುದು. ಏಳನೆಯ ಶತಮಾನದಲ್ಲಿ ಬಾಣಭಟ್ಟನು ಬರೆದ ಆ ಗ್ರಂಥದಲ್ಲಿ ಕಥೆ ಹೇಳುವುದು ಒಂದು ಗಿಳಿ. ಪ್ರೇಮಿಗಳು ಸತ್ತು ಮತ್ತೆ ಹುಟ್ಟುತ್ತಾರೆ. ಚಂದ್ರನೇ ಶಾಪಕ್ಕೆ ಸಿಲುಕಿ ಭೂಮಿಗಿಳಿಯುತ್ತಾನೆ. ಬಾಣನು ಅದನ್ನು ಮುಗಿಸದೆ ತೀರಿಕೊಂಡನು. ಉಳಿದುದನ್ನು ಪೂರೈಸಿದವನು ಅವನ ಮಗ. ನಾಗವರ್ಮನು ಅದನ್ನು ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದು ಸಾವಿರ ವರ್ಷಗಳಾಗುತ್ತ ಬಂದಿವೆ. ಹೀಗಿರುವಾಗ ಅದ್ಭುತವನ್ನು ನಿನ್ನೆ ಮೊನ್ನೆ ಹೊರನಾಡಿನಿಂದ ಬಂದ ಚಾಳಿಯೆನ್ನುವುದು ನ್ಯಾಯವಲ್ಲ.

ಮೈಸೂರಿನ ಹಾದಿಯಲ್ಲಿ ರಾಮನಗರವು ಹತ್ತಿರವಾದಂತೆ ನೆಲದ ಚಹರೆಯೇ ಬದಲಾಗುತ್ತದೆ. ಬಯಲಿನ ನಡುವೆ ಬೋಳು ಬಂಡೆಗಳು ಥಟ್ಟನೆ ತಲೆಯೆತ್ತಿ ನಿಲ್ಲುತ್ತವೆ. ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ನೆನಪಿಗಾಗಿ ಈ ಊರಿಗೆ ಹಿಂದೆ ಕ್ಲೋಸ್‌ಪೇಟೆಯೆಂದು ಹೆಸರಿದ್ದಿತು. ಊರು ಆ ಹೆಸರನ್ನು ಕಳಚಿಕೊಂಡರೂ ಭೂವಿಜ್ಞಾನಿಗಳು ಬಿಡಲಿಲ್ಲ; ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದಾದ ಇಲ್ಲಿನ ಶಿಲೆಯನ್ನು ಅವರು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ದರೋಡೆಕೋರನು ಅಡಗಿದ್ದುದು ಈ ಬಂಡೆಗಳ ಮರೆಯಲ್ಲಿಯೇ.

ರಾಮದೇವರ ಬೆಟ್ಟದಲ್ಲಿ ಇನ್ನೊಂದು ಪಾತ್ರವನ್ನು ಹುಡುಕಬೇಕು: ರಣಹದ್ದು. ಭಯಾನಕ ಕಥೆಯ ಯಾವ ಚಿತ್ರಗಾರನೂ ಈ ಪಕ್ಷಿಯನ್ನು ಮರೆಯುವುದಿಲ್ಲ. ಬೋಳು ಕುತ್ತಿಗೆ, ಬಾಗಿದ ಕೊಕ್ಕು, ಹೆಣದ ಮೇಲಿನ ಕಣ್ಣು—ಕೇಡಿನ ಗುರುತಾಗಲು ಇನ್ನೇನು ಬೇಕು? ಆದರೆ ನಿಜವಾದ ಕಥೆಯು ತಿರುವುಮುರುವಾಗಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದುಗಳ ಒಡಲು ಸೇರಿ, ಮೂತ್ರಪಿಂಡಗಳನ್ನು ಕೆಡಿಸಿ, ಭಾರತದ ರಣಹದ್ದುಗಳಲ್ಲಿ ಬಹುಪಾಲನ್ನು ಕೆಲವೇ ವರ್ಷಗಳಲ್ಲಿ ನಾಶಮಾಡಿತು. ೨೦೦೬ರಲ್ಲಿ ಸರ್ಕಾರವು ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ೨೦೧೨ರಲ್ಲಿ ಸುಮಾರು ೩೪೬ ಹೆಕ್ಟೇರಿನ ಈ ಬೆಟ್ಟಪ್ರದೇಶವು ರಣಹದ್ದುಗಳ ಅಭಯಾರಣ್ಯವಾಯಿತು. ಆದರೂ ಉದ್ದ ಕೊಕ್ಕಿನ ಆ ಹಕ್ಕಿಯು ಕಣ್ಣಿಗೆ ಬೀಳುವುದು ಇಂದು ಅಪರೂಪ. ವಿಕಾರರೂಪಿಯೇ ಊರನ್ನು ಶುಚಿಯಾಗಿಟ್ಟ ಉಪಕಾರಿ. ಕೊಂದದ್ದು ಕೋರೆಹಲ್ಲಿನ ರಾಕ್ಷಸನಲ್ಲ, ಒಳ್ಳೆಯ ಉದ್ದೇಶದ ಪುಟ್ಟ ಶೀಶೆ. ಒಳ್ಳೆಯ ಭಯಾನಕ ಕಾದಂಬರಿಗಳು ಹೇಳುತ್ತ ಬಂದಿರುವುದೂ ಇದನ್ನೇ: ರೂಪವನ್ನು ನೋಡಿ ಗುಣವನ್ನು ನಿರ್ಧರಿಸಬೇಡ. ಜಟಾಯುವನ್ನು ಬಲ್ಲ ನಮಗೆ ಇದು ಹೊಸ ಪಾಠವೂ ಅಲ್ಲ.

ಊರು ದಾಟಿ ಚನ್ನಪಟ್ಟಣದತ್ತ ಹೊರಟರೆ ಹೆದ್ದಾರಿಯ ಬದಿಯಲ್ಲೇ ಜಾನಪದ ಲೋಕ. ಎಚ್. ಎಲ್. ನಾಗೇಗೌಡರು ನಾಡೆಲ್ಲ ಸುತ್ತಿ ಕೂಡಿಸಿದ ಸಂಪತ್ತಿಗೆ ೧೫ ಎಕರೆಯ ಈ ಆವರಣದಲ್ಲಿ ನೆಲೆ ದೊರೆಯಿತು. ೧೯೯೪ರಲ್ಲಿ ಇದರ ಉದ್ಘಾಟನೆಯಾಯಿತು. ಇಲ್ಲಿನ ತೊಗಲುಗೊಂಬೆಗಳ ಮುಂದೆ ಮಕ್ಕಳನ್ನು ತುಸು ಹೊತ್ತು ನಿಲ್ಲಿಸಿರಿ. ಹದಮಾಡಿದ ಚರ್ಮವು ಬೆಳಕನ್ನು ಒಳಬಿಡುವಷ್ಟು ತೆಳ್ಳಗಿರುತ್ತದೆ. ಪರದೆಯ ಹಿಂದೆ ದೀಪ ಹಚ್ಚಿದಾಗ ರಾವಣನು ಬಣ್ಣಬಣ್ಣವಾಗಿ ಜೀವ ತಳೆಯುತ್ತಾನೆ. ಹಗಲಿನಲ್ಲಿ ಅವನು ಬರಿಯ ತೊಗಲು. ಸುತ್ತಲೂ ಕತ್ತಲೆಯಿಲ್ಲದಿದ್ದರೆ ಆ ಆಟವೇ ಇಲ್ಲ! ಯುದ್ಧವೂ ಸಾವೂ ಪರದೆಯ ಮೇಲೆ ನಡೆಯುತ್ತಿರುವಾಗ ನಡುವೆ ಕಿಳ್ಳೇಕ್ಯಾತನೂ ಅವನ ಮಡದಿ ಬಂಗಾರಕ್ಕನೂ ನುಗ್ಗಿ ಹುಚ್ಚು ಮಾತಿನಿಂದ ಜನರನ್ನು ನಗಿಸಿಬಿಡುತ್ತಾರೆ. ನಡುಕವನ್ನೂ ನಗುವನ್ನೂ ಒಂದೇ ಪರದೆಯ ಮೇಲೆ ಕೂಡಿಸುವ ವಿದ್ಯೆಯನ್ನು ನಮ್ಮ ಹಳ್ಳಿಯ ಕಲಾವಿದರು ಯಾರಿಂದಲೂ ಕಡ ತರಬೇಕಾಗಿರಲಿಲ್ಲ.

ಚನ್ನಪಟ್ಟಣದಲ್ಲಿ ಈ ನಗುವಿಗೆ ಮರದ ಮೈ ಬಂದಿದೆ. ಹಾಲೆಮರದ ತುಂಡು ಚರಕಿಯಲ್ಲಿ ಗಿರ್ರನೆ ತಿರುಗುತ್ತದೆ. ಕುಶಲಕರ್ಮಿಯು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕಂಟುತ್ತದೆ. ಕೇದಗೆಯ ಗರಿಯಿಂದ ತಿಕ್ಕಿದೊಡನೆ ಥಳಥಳಿಸುತ್ತದೆ. ನೋಡನೋಡುತ್ತಿದ್ದಂತೆ ಕಟ್ಟಿಗೆಯೊಂದು ದುಂಡು ಹೊಟ್ಟೆಯ ಗೊಂಬೆಯಾಗಿ ನಮ್ಮತ್ತ ಕಣ್ಣರಳಿಸುತ್ತದೆ. ಲೂಯಿ ಕ್ಯಾರಲ್ ೧೮೬೫ರಲ್ಲಿ ಪ್ರಕಟಿಸಿದ ಆಲಿಸಳ ವಿಚಿತ್ರಲೋಕವನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ತಂದರು. ಆ ಲೋಕದ ಪ್ರಜೆಗಳಿಗೆ ಈ ಗೊಂಬೆಗಳು ನೆಂಟರೆಂದರೆ ಯಾರೂ ಅಲ್ಲಗಳೆಯಲಾರರು.

ಮಾಗಡಿಯ ಸಾವನದುರ್ಗದಲ್ಲಿ ಮಾತ್ರ ನಗು ತಾನಾಗಿ ಅಡಗುತ್ತದೆ. ಸಮುದ್ರಮಟ್ಟದಿಂದ ೧,೨೨೬ ಮೀಟರು ಎತ್ತರದ ಮಹಾಶಿಲೆ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳು. ಬುಡದಲ್ಲಿ ವೀರಭದ್ರ, ನರಸಿಂಹರ ಗುಡಿಗಳು. ಕೆಂಪೇಗೌಡರ ವಂಶದವರ ಆಸರೆಯಾಗಿದ್ದ ಈ ದುರ್ಗವನ್ನು ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪುವಿನಿಂದ ಕಿತ್ತುಕೊಂಡಿತು. ಇಂಗ್ಲಿಷರು ಇದರ ಹೆಸರಿಗೆ ‘ಸಾವಿನ ಬಂಡೆ’ಯೆಂದೇ ಅರ್ಥ ಹಚ್ಚಿದರು. ಇ. ಎಂ. ಫಾರ್ಸ್ಟರನ ೧೯೨೪ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಗುಹೆಯೊಂದರ ಪ್ರತಿಧ್ವನಿಯು ಮನುಷ್ಯರ ಬುದ್ಧಿಯನ್ನೇ ಕಲಕಿಬಿಡುತ್ತದೆ. ಕಥೆಯ ಆ ಗುಹೆಗಳಿಗೆ ಮಾದರಿ ಬಿಹಾರದ ಬರಾಬರ್. ಆದರೆ ಡೇವಿಡ್ ಲೀನ್ ೧೯೮೪ರಲ್ಲಿ ಅದನ್ನು ಚಿತ್ರವಾಗಿಸಿದಾಗ ಗುಹೆಯ ದೃಶ್ಯಗಳಿಗೆ ಆರಿಸಿಕೊಂಡದ್ದು ಸಾವನದುರ್ಗ, ರಾಮನಗರಗಳ ಬಂಡೆಗಳನ್ನು. ಮರ್ವಿನ್ ಪೀಕನು ‘ಗೋರ್ಮೆನ್‌ಘಾಸ್ಟ್’ ಎಂಬ ಮುಗಿಯದ ಕಲ್ಲುಕೋಟೆಯನ್ನು ಕಲ್ಪಿಸಿ ಕಾದಂಬರಿಗಳನ್ನು ಬರೆದನು. ಸಂಜೆ ಕರಿಗುಡ್ಡದ ನೆರಳು ಕಾಡಿನ ಮೇಲೆ ಚಾಚುವಾಗ ಅಂಥ ಪುಸ್ತಕವನ್ನು ಓದಿದವರಿಗೆ ಅದರ ಹಾಳೆಗಳೇ ಕಣ್ಣೆದುರು ತೆರೆದಂತಾಗುವುದು.

ಇನ್ನು ಉಳಿದುದು ಕನಕಪುರದ ಸೀಮೆ. ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುತ್ತಾಳೆ. ಮುಂದೆ ಮೇಕೆದಾಟುವಿನಲ್ಲಿ ಅಗಲವಾದ ಹೊಳೆಯು ಇಕ್ಕಟ್ಟಾದ ಕಲ್ಲಿನ ಕೊರಕಲಿಗೆ ಇಳಿದು ಭೋರ್ಗರೆಯುತ್ತದೆ. ಮೇಕೆಯೊಂದು ಈ ಕಂದರವನ್ನು ಹಾರಿ ದಾಟಿತೆಂಬುದು ಐತಿಹ್ಯ. ಎಂಥ ತಮಾಷೆಯ ಕಥೆ! ಆದರೆ ಅದೇ ನುಣುಪು ಬಂಡೆಯಲ್ಲಿ ಕಾಲುಜಾರಿ ಪ್ರಾಣ ನೀಗಿದ ಪ್ರವಾಸಿಗಳೂ ಉಂಟು. ಅಂಚಿನಿಂದ ಹಿಂದೆ ಸರಿದು ನಿಲ್ಲುವ ಮಗುವಿಗೆ ಇಲ್ಲಿ ಯಾರ ಉಪದೇಶವೂ ಬೇಡ.

ತಾಯಿಯ ಆತಂಕಕ್ಕೂ ತಂದೆಯ ಪ್ರಶ್ನೆಗೂ ಉತ್ತರ ದೊರೆಯುವುದು ಇಲ್ಲಿಯೇ. ಭಯವೇ ಇಲ್ಲದಂತೆ ಮಕ್ಕಳನ್ನು ಬೆಳೆಸುವುದು ಯಾರಿಂದಲೂ ಸಾಧ್ಯವಿಲ್ಲ. ಭಯದೊಡನೆ ಹೇಗೆ ಬಾಳಬೇಕೆಂಬುದನ್ನು ಕಲಿಸಬಹುದು. ಕಥೆಯ ಭಯಕ್ಕೆ ಕೊನೆಯ ಪುಟವಿದೆ, ಮುಚ್ಚಲು ರಟ್ಟಿದೆ, ಪಕ್ಕದಲ್ಲಿ ಅಮ್ಮನಿದ್ದಾಳೆ. ಅಲ್ಲಿ ನಡುಗಿ, ನಕ್ಕು, ಕುರೂಪಿಯ ಮೇಲೂ ಮರುಕಪಟ್ಟು ಬಂದ ಮಗುವು ಬೆಟ್ಟದ ಮೇಲೆ ಹದ್ದನ್ನು ಕಂಡಾಗ ಕಲ್ಲೆತ್ತಿಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡ ಲಾಭವನ್ನು ಯಾವ ಪುಸ್ತಕದಿಂದ ಬಯಸಬೇಕು?

ಆದುದರಿಂದ ಈ ಕಡೆ ಹೊರಟಾಗ ಬುತ್ತಿಯ ಜೊತೆಗೆ ಒಂದು ಅದ್ಭುತಕಥೆಯೂ ಚೀಲದಲ್ಲಿರಲಿ. ಹತ್ತುವಾಗ ಬಂಡೆಯ ಮೇಲೆ ಗಮನವಿರಲಿ. ಓದುವುದು ಇಳಿದು ಬಂದ ಮೇಲೆ, ದೀಪ ಹಚ್ಚುವ ಹೊತ್ತಿಗೆ.